ನಾಲ್ಕಕ್ಷರ ಕಲಿಸಿದ ಮರ್ವಿನ್

"ಆರು ವರ್ಷದ ಪಿಳ್ಳೆಗಳಿಗೆ ನಾಲ್ಕಕ್ಷರ ಕಲಿಸೋದು ಏನು ಮಹಾ ವಿದ್ಯೆ? ಈ ಭಾನುವಾರದಿಂದ ನಾನೇ ಹೋಗ್ತೀನಿ!" ಎಂದು ಮರ್ವಿನ್ ಗರ್ಫಿಂಕಲ್ ಮಹಾಶಯರು ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದಾಗ, ಮೇಜಿನ ಮೇಲಿದ್ದ ಉಪ್ಪಿನಕಾಯಿಯ ಜಾಡಿ ಒಮ್ಮೆ ಹಾರಿ ಕೂತಿತು. ಎದುರಿಗೆ, ಪ್ಲಾಸ್ಟರ್ ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದ ಅವರ ಹೆಂಡತಿ ರೋಚೆಲ್ ಹಾರಲಿಲ್ಲ. ಹಾರುವ ಸ್ಥಿತಿಯಲ್ಲಿ ಅವರು ಇರಲೂ ಇಲ್ಲ. ಎರಡು ದಿನದ ಹಿಂದಷ್ಟೇ ತಮ್ಮ ಯಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗಿನ, ಮೆಟ್ಟಿಲ ಮೇಲೆ ಗಟ್ಟಿಯಾಗಿದ್ದ ಹಿಮದ ಮೇಲೆ ಜಾರಿ ಬಿದ್ದು, ಕಣಕಾಲಿನ ಮೂಳೆ ಮುರಿದುಕೊಂಡು ಬಂದಿದ್ದರು.

ಮರ್ವಿನ್ ಅಮೆರಿಕದ ಟೊಲೀಡೊ ಊರಿನಲ್ಲಿ ಬಾಳಿಡೀ ಹಾಸಿಗೆ ಅಂಗಡಿ ನಡೆಸಿ, ಆಗಷ್ಟೇ ಅದರ ಬಾಗಿಲು ಹಾಕಿ ನಿವೃತ್ತರಾದವರು. ಊರಿನ ಅರ್ಧ ಜನ ತಾನು ಮಾರಿದ ಹಾಸಿಗೆಯ ಮೇಲೆಯೇ ಗೊರಕೆ ಹೊಡೆಯುತ್ತಾರೆ ಎಂಬುದು ಅವರ ಹೆಮ್ಮೆ. ಗಿರಾಕಿ ಬಂದು ಹಾಸಿಗೆಯ ಮೇಲೆ ಹೊರಳಿದರೆ ಸಾಕು, ಅವನ ಸಂಸಾರ ಹೇಗೆ ನಡೆಯುತ್ತಿದೆ ಎಂದು ಹೇಳಿಬಿಡಬಲ್ಲೆ ಎನ್ನುತ್ತಿದ್ದರು. ಅಂಥವರಿಗೆ ವಾರಕ್ಕೊಂದು ಬೆಳಗ್ಗೆ ಸಿನಗಾಗಿನ ಹಿಂದಿನ ಕೋಣೆಯಲ್ಲಿ ಒಂದಿಷ್ಟು ಮಕ್ಕಳನ್ನು ಕೂರಿಸಿಕೊಂಡು ಹೀಬ್ರೂ ಅಕ್ಷರ, ಹಬ್ಬದ ಕಥೆ, ಊಟದ ಪ್ರಾರ್ಥನೆ ಹೇಳಿಕೊಡುವುದು ಯಾವ ಲೆಕ್ಕ?

ರೋಚೆಲ್‌ಗೆ ಮಾತ್ರ ಅದು ಅಷ್ಟು ಹಗುರದ ವಿಷಯವಾಗಿರಲಿಲ್ಲ. ಆ ಚಿಕ್ಕಮಕ್ಕಳ ಭಾನುವಾರದ ಕ್ಲಾಸು ಬಹಳ ವರ್ಷಗಳಿಂದ ಅವರದು. ಅವರ ಕೈಯಲ್ಲಿ ಅಕ್ಷರ ತಿದ್ದಿದವರು ಈಗ ತಮ್ಮ ಮಕ್ಕಳನ್ನು ಕರೆತಂದು ಬಿಡುತ್ತಿದ್ದರು. ಆದರೆ ಸಿನಗಾಗು ಚಿಕ್ಕದು, ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಶಾಲಾ ಸಮಿತಿಯ ಅಧ್ಯಕ್ಷೆ ಲೊರೇನ್ ಕಪಿಲೋವ್, ಈ ಕ್ಲಾಸನ್ನು ಮುಚ್ಚಿ ಮಕ್ಕಳನ್ನು ಹೆದ್ದಾರಿಯಾಚೆಯ ದೊಡ್ಡ ಸಿನಗಾಗಿಗೆ ಸೇರಿಸಿಬಿಡೋಣ ಎಂದು ಪ್ರತಿ ಸಭೆಯಲ್ಲೂ ರಾಗ ಎಳೆಯುತ್ತಿದ್ದರು. ಕಾಲು ಮುರಿದ ನೋವಿಗಿಂತ ಈ ಭಯವೇ ರೋಚೆಲ್‌ಗೆ ಹೆಚ್ಚಾಗಿತ್ತು.

"ಒಂದೇ ಒಂದು ಮಾತು ಕೇಳ್ಕೋ ಮರ್ವಿನ್," ಎಂದರು. "ನೀನು ಅವಕ್ಕೆ ಏನೂ ಕಲಿಸದೇ ಇದ್ರೂ ಪರವಾಗಿಲ್ಲ. ನಾನು ಎದ್ದು ಓಡಾಡೋ ಹೊತ್ತಿಗೆ ಮಕ್ಕಳು ಅಲ್ಲೇ ಇರಬೇಕು. ಒಂದು ಮಗೂನೂ ಬಿಟ್ಟುಹೋಗಿರಬಾರದು."

"ಬಿಟ್ಟುಹೋಗೋದಾ? ಪಕ್ಕದ ಊರಿಂದ ಬಂದು ಸಾಲಲ್ಲಿ ನಿಲ್ತಾವೆ, ನೋಡ್ತಿರು."

ಬೋರ್ಡಿನ ಮೇಲೆ ಏನು ಬರೆಯಬೇಕು, ಏನು ಬರೆಯಬಾರದು ಎಂದು ಆಕೆ ಇನ್ನೇನೋ ಹೇಳಹೊರಟರು. ಅಷ್ಟರಲ್ಲಿ ಮಹಾಶಯರು ಕನ್ನಡಿಯ ಮುಂದೆ ನಿಂತು, ಮೇಷ್ಟ್ರಿಗೆ ಒಪ್ಪುವ ಟೈ ಯಾವುದೆಂದು ಆರಿಸುವುದರಲ್ಲಿ ಮುಳುಗಿಹೋಗಿದ್ದರು.

ಹೀಬ್ರೂವಿನಲ್ಲಿ ಟೀಚರಮ್ಮನನ್ನು ಮೋರಾ ಎನ್ನುತ್ತಾರೆ, ಮೇಷ್ಟ್ರನ್ನು ಮೋರೆ ಎನ್ನುತ್ತಾರೆ. ಹಾಗಾಗಿ ಮಕ್ಕಳಿಗೆ ಆಕೆ ಮೋರಾ ರೋಚೆಲ್. ಇವರು ಆ ಭಾನುವಾರದಿಂದ ಮೋರೆ ಮರ್ವಿನ್. ನಮ್ಮ ಕನ್ನಡದಲ್ಲಿ ಆ ಪದಕ್ಕೆ ಏನರ್ಥ ಎಂದು ಪಾಪ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅರ್ಧ ಗಂಟೆಯಲ್ಲಿ ತಮ್ಮದು ಎಷ್ಟು ಸೊಟ್ಟಗಾಗಿದೆ ಎಂದು ನೋಡಿಕೊಳ್ಳಲು ಅವರಿಗೆ ಪುರಸೊತ್ತು ಇರಲಿಲ್ಲ. ಆಶೇರ್ ಎಂಬ ಹುಡುಗ ಬಂದವನೇ ಮೇಜಿನ ಕೆಳಗೆ ಹೊಕ್ಕು, ತಾನೀಗ ಆಮೆ, ಆಮೆಗಳಿಗೆ ಭಾನುವಾರ ರಜೆ ಎಂದು ಸಾರಿದ. ಇಬ್ಬರು ಹುಡುಗಿಯರು ಒಬ್ಬರ ಜಡೆಗೆ ಒಬ್ಬರ ಜಡೆ ಕಟ್ಟಿಕೊಂಡು ಬಿಡಿಸಲಾಗದೆ ಅಳುತ್ತಿದ್ದರು. ಮುಂದಿನ ಹಲ್ಲೆರಡೂ ಬಿದ್ದುಹೋಗಿದ್ದ ಪೆನಿನಾ ಮಾತ್ರ ಕೈಕಟ್ಟಿ ಕೂತು ಒಂದರ ಹಿಂದೊಂದು ಪ್ರಶ್ನೆ ಎಸೆಯುತ್ತಿದ್ದಳು. ನೋಹನ ಕಾಲದ ಪ್ರಳಯದಲ್ಲಿ ಎಲ್ಲ ಪ್ರಾಣಿಗಳೂ ಮುಳುಗಿದವಲ್ಲ, ಮೀನುಗಳಿಗೆ ಏನೂ ಆಗಲಿಲ್ಲವಲ್ಲ, ಹಾಗಾದರೆ ಮೀನುಗಳು ಏನೂ ತಪ್ಪು ಮಾಡಿರಲಿಲ್ಲವಾ ಎಂದು ಕೇಳಿದಳು. ಹಾಸಿಗೆ ಅಂಗಡಿಯಲ್ಲಿ ಇಂಥ ಪ್ರಶ್ನೆ ಕೇಳುವ ಗಿರಾಕಿ ಒಬ್ಬನೂ ಬಂದಿರಲಿಲ್ಲ.

ಇನ್ನು ಬ್ರಹ್ಮಾಸ್ತ್ರವೇ ಗತಿ ಎಂದು ಮರ್ವಿನ್ ಎದ್ದುನಿಂತರು. ಕರಿ ಮಾರ್ಕರ್ ಹಿಡಿದು, ಬಿಳಿ ಬೋರ್ಡಿನ ನಟ್ಟನಡುವೆ, ಅಂಗಡಿಯ ನಾಮಫಲಕದಷ್ಟು ದಪ್ಪವಾಗಿ ದೇವರ ಹೆಸರನ್ನು ಬರೆದರು. ನಾಲ್ಕೇ ಅಕ್ಷರ, ಬಾಯಿಬಿಟ್ಟು ಉಚ್ಚರಿಸಬಾರದ ಹೆಸರು. ಕೋಣೆ ತಟ್ಟನೆ ಸುಮ್ಮನಾಯಿತು. ಆಮೆ ಕೂಡ ಚಿಪ್ಪಿನಿಂದ ತಲೆ ಹೊರಹಾಕಿತು. ನೋಡಿದೆಯಾ ರೋಚೆಲ್, ಎಂದು ಮರ್ವಿನ್ ಮನಸ್ಸಿನಲ್ಲೇ ಎದೆಯುಬ್ಬಿಸಿದರು.

"ಮೋರೆ, ಮೋರಾ ರೋಚೆಲ್ ಅದನ್ನ ಯಾವತ್ತೂ ಪೂರ್ತಿ ಬರೆಯಲ್ಲ," ಎಂದಳು ಪೆನಿನಾ. "ಒಂದೇ ಅಕ್ಷರ ಬರೆದು ಪಕ್ಕದಲ್ಲಿ ಒಂದು ಗೀಟು ಹಾಕ್ತಾರೆ."

"ಯಾಕಂತೆ?"

"ಪೂರ್ತಿ ಬರೆದ್ರೆ ಅಳಿಸೋ ಹಾಗಿಲ್ಲ."

ಡಸ್ಟರಿನ ಕಡೆ ಹೋಗಿದ್ದ ಮರ್ವಿನ್ನರ ಕೈ ಗಾಳಿಯಲ್ಲೇ ನಿಂತಿತು. ಅಳಿಸುವ ಹಾಗಿಲ್ಲ! ಇದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಚಿಕ್ಕವರಿದ್ದಾಗ ಅವರ ಮೇಷ್ಟ್ರು ಇದನ್ನೇ ಹೇಳಿ ಕಿವಿ ಹಿಂಡಿದ್ದರು. ಅಂಗಡಿಯ ಜೊತೆಗೆ ಆ ಜ್ಞಾನವೂ ಬಾಗಿಲು ಹಾಕಿಕೊಂಡಿತ್ತಷ್ಟೆ.

ಆದರೆ ವ್ಯಾಪಾರಸ್ಥ ವ್ಯಾಪಾರಸ್ಥನೇ. ಹೊಲಿಗೆ ಬಿಟ್ಟ ಹಾಸಿಗೆಯನ್ನು 'ಗಾಳಿಯಾಡಲಿ ಅಂತಲೇ ಬಿಟ್ಟಿದ್ದು' ಎಂದು ಮಾರಿದ ಮಹಾನುಭಾವರು ಅವರು. ಗಂಟಲು ಸರಿಮಾಡಿಕೊಂಡು, ಇದನ್ನೇ ಇವತ್ತು ಕಲಿಸಲು ಬೇಕೆಂದೇ ಬರೆದೆ ಎಂದರು. ಈ ಹೆಸರನ್ನು ಅಳಿಸಬಾರದು. ಇದನ್ನು ಬರೆದ ಹಾಳೆಯನ್ನು ಹರಿಯಬಾರದು, ಸುಡಬಾರದು, ಕಸಕ್ಕೆ ಹಾಕಬಾರದು. ಜೋಪಾನವಾಗಿ ಎತ್ತಿಟ್ಟು, ಒಂದು ದಿನ ಮರ್ಯಾದೆಯಿಂದ ನಮ್ಮ ಸ್ಮಶಾನದಲ್ಲಿ ಮಣ್ಣಿಗೆ ಒಪ್ಪಿಸಬೇಕು. ಮಕ್ಕಳ ಕಣ್ಣು ಅರಳಿದವು. ಹಾಳೆಯ ಮೇಲೆ ಮಾತ್ರವಾ, ಡಬ್ಬದ ಮೇಲೆ ಬರೆದರೂ ಹಾಗೇನಾ ಎಂದು ಆಮೆ ಕೇಳಿತು. ಡಬ್ಬವಾದರೂ ಅಷ್ಟೇ, ಎಂದರು ಮರ್ವಿನ್ ಧಾರಾಳವಾಗಿ. ಅಮ್ಮ ಕೂಡ ಬಿಸಾಕುವ ಹಾಗಿಲ್ಲವಾ ಎಂದಳು ಪೆನಿನಾ. ಅಮ್ಮನೇನು, ದೇಶದ ಅಧ್ಯಕ್ಷರೇ ಬಂದರೂ ಬಿಸಾಕುವ ಹಾಗಿಲ್ಲ ಎಂದುಬಿಟ್ಟರು ನಮ್ಮ ಮಹಾಶಯರು. ಇಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದರು. ಮಕ್ಕಳ ಉತ್ಸಾಹ ಕಂಡು ತಾವೂ ಉಬ್ಬಿಹೋಗಿ, ಎಲ್ಲರಿಗೂ ಹಾಳೆ ಹಂಚಿ, ಕೈಹಿಡಿದು ಆ ನಾಲ್ಕಕ್ಷರವನ್ನು ಮುತ್ತು ಪೋಣಿಸಿದ ಹಾಗೆ ಬರೆಯುವವರೆಗೂ ತಿದ್ದಿಸಿದರು!

ಕ್ಲಾಸು ಮುಗಿದ ಮೇಲೆ ಸಿನಗಾಗಿನ ಧರ್ಮಗುರು ರಬ್ಬಿ ತಿರ್ಜಾ ಕೋಣೆಗೆ ಇಣುಕಿದರು. ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. ಬೋರ್ಡನ್ನೊಮ್ಮೆ, ಮರ್ವಿನ್ನರನ್ನೊಮ್ಮೆ ನೋಡಿ, ಸಂಜೆ ಇದೇ ಕೋಣೆಯಲ್ಲಿ ದೊಡ್ಡಮಕ್ಕಳ ತರಗತಿಯಿದೆ, ಅವರಿಗೆ ಬರೆಯಲು ಜಾಗವಿಲ್ಲವಲ್ಲ ಎಂದು ಮೆತ್ತಗೆ ಹೇಳಿದರು. ಹೊಸದೊಂದನ್ನು ಕೊಡಿಸುವುದಾಗಿ ಹೇಳಿ ಮರ್ವಿನ್ ಸ್ಕ್ರೂ ಬಿಚ್ಚಿ ಬೋರ್ಡನ್ನು ಗೋಡೆಯಿಂದ ಇಳಿಸಿದರು. ಕಾರಿನ ನೆತ್ತಿಗೆ ಹಗ್ಗದಲ್ಲಿ ಬಿಗಿದು, ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆಯುವಷ್ಟು ನಿಧಾನವಾಗಿ ಓಡಿಸಿಕೊಂಡು ಮನೆಗೆ ತಂದು ಊಟದ ಕೋಣೆಯಲ್ಲಿ ನಿಲ್ಲಿಸಿದರು.

ರೋಚೆಲ್ ಕುರ್ಚಿಯಲ್ಲೇ ತಿರುಗಿ ಅದನ್ನು ನೋಡಿದರು. "ಮೊದಲನೇ ದಿನ ಬೋರ್ಡ್ ತಂದೆ. ಮುಂದಿನ ವಾರ ಬಾಗಿಲು ತರ್ತೀಯಾ?"

"ತಮಾಷೆ ಮಾಡ್ಬೇಡ ಕಣೇ. ಮಕ್ಕಳು ಪಿನ್ ಡ್ರಾಪ್ ಸೈಲೆಂಟು!"

"ಅವು ಸುಮ್ಮನಾದ್ರೆ ಏನೋ ಲೆಕ್ಕ ಹಾಕ್ತಿವೆ ಅಂತ ಅರ್ಥ," ಎಂದು ರೋಚೆಲ್ ಕಣ್ಣು ಮುಚ್ಚಿ ಒರಗಿಕೊಂಡರು.

ಮಕ್ಕಳು ಹಾಕಿದ ಲೆಕ್ಕ ಪೆಸಾಕ್ ಹಬ್ಬ ಹತ್ತಿರ ಬಂದಾಗ ಬಯಲಾಯಿತು. ಪೆಸಾಕ್ ಎಂದರೆ ಮನೆಯಲ್ಲಿ ಬ್ರೆಡ್ಡು, ಬಿಸ್ಕತ್ತಿನ ಒಂದು ಚೂರೂ ಉಳಿಯಬಾರದು. ಅದಕ್ಕಾಗಿ ತಿಂಗಳ ಮೊದಲೇ ಹೆಂಗಸರು ಸೋಫಾ ಸರಿಸುತ್ತಾರೆ, ಕಪಾಟು ಬರಿದು ಮಾಡುತ್ತಾರೆ, ಕೋಟಿನ ಜೇಬು ತಿರುವಿ ಹಾಕುತ್ತಾರೆ. ಇದೇ ಭರಾಟೆಯಲ್ಲಿ ಮಕ್ಕಳು ವರ್ಷವಿಡೀ ಕೂಡಿಹಾಕಿದ ಕಸವೆಲ್ಲ ಕಪ್ಪು ಚೀಲ ಸೇರಿ ಬೀದಿಗೆ ಬೀಳುತ್ತದೆ. ಮಕ್ಕಳ ಪಾಲಿಗೆ ಅದು ಪ್ರತಿವರ್ಷದ ಪ್ರಳಯ. ಈ ವರ್ಷ ಅವುಗಳ ಕೈಗೆ ನೋಹನ ಹಡಗು ಸಿಕ್ಕಿತ್ತು.

ಆಶೇರನ ತಾಯಿ, ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಮಡಚಲು ಹೋದರೆ ಅದರ ನಾಲ್ಕೂ ಮಗ್ಗುಲಲ್ಲಿ ನಾಲ್ಕಕ್ಷರ. ಅದು ಅವನ ಕೋಟೆಯಂತೆ. ಮತ್ತೊಬ್ಬ ತಾಯಿಗೆ ಕಿವಿ ಕಿತ್ತ ಮೊಲದ ಹೊಟ್ಟೆಯ ಮೇಲೆ, ಒಣಗಿದ ಬಣ್ಣದ ಡಬ್ಬಗಳ ಮೇಲೆ, ಗಾಲಿಯಿಲ್ಲದ ಲಾರಿಯ ಮೇಲೆ ಸಿಕ್ಕಿತು. ಇನ್ನೊಂದು ಮನೆಯಲ್ಲಿ ರಾತ್ರಿ ಒದ್ದೆಯಾಗಿ ಒದ್ದೆಯಾಗಿ ಎಸೆಯುವ ಸ್ಥಿತಿಗೆ ಬಂದಿದ್ದ ಹಾಸಿಗೆಯ ಮೇಲೆ! ಅದು ಮರ್ವಿನ್ನರ ಅಂಗಡಿಯದೇ ಹಾಸಿಗೆ. ಎಲ್ಲಕ್ಕಿಂತ ಫಜೀತಿಯಾದದ್ದು ಒಂದು ಬ್ರೆಡ್ಡಿನ ತುಂಡಿನದು. ಮಗು ಅದರ ಮೇಲೆ ಸಾಸಿವೆ ಸಾಸ್‌ನಲ್ಲಿ ದೇವರ ಹೆಸರು ಬರೆದಿತ್ತು. ಬ್ರೆಡ್ಡಾದ್ದರಿಂದ ಹಬ್ಬಕ್ಕೆ ಮನೆಯಲ್ಲಿ ಇಡುವ ಹಾಗಿಲ್ಲ, ಹೆಸರಿರುವುದರಿಂದ ಎಸೆಯುವ ಹಾಗಿಲ್ಲ. ಆ ತಂದೆ ರಬ್ಬಿಗೆ ಫೋನ್ ಮಾಡಿ ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುತ್ತಿರುವಾಗಲೇ ಅವರ ನಾಯಿ ಪ್ರಶ್ನೆಯನ್ನು ಇತ್ಯರ್ಥ ಮಾಡಿಬಿಟ್ಟಿತು. ಎಲ್ಲೆಡೆಯೂ ಅಕ್ಷರ ಮಾತ್ರ ಒಂದಕ್ಕಿಂತ ಒಂದು ದುಂಡಗೆ. ಅದರಲ್ಲಿ ಮೋರೆ ಮರ್ವಿನ್ನರ ಹೆಸರು ಹೇಳುವ ಹಾಗೇ ಇತ್ತು!

ಹೆಸರು ಹೇಳಿದರು ಕೂಡ. ಬೆಳಗಾದರೆ ಫೋನು. ನೀವು ತಾನೇ ಕಲಿಸಿದ್ದು, ನೀವೇ ಇಟ್ಟುಕೊಳ್ಳಿ ಎಂದು ಒಬ್ಬೊಬ್ಬರೂ ಕಾರಿನಲ್ಲಿ ತಂದು ಸುರಿದು ಹೋದರು. ಗ್ಯಾರೇಜು ತುಂಬಿ ಮರ್ವಿನ್ನರ ಕಾರು ಬೀದಿಗೆ ಬಂತು. ಆಮೇಲೆ ಊಟದ ಕೋಣೆ ತುಂಬಿತು. ಕೋಟೆ ಹಜಾರದಲ್ಲಿ ನಿಂತಿತು. ಆ ಹಾಸಿಗೆ ಎಲ್ಲಿ ನಿಂತಿತೆಂಬುದನ್ನು ಮೂಗೇ ಹೇಳುತ್ತಿತ್ತು. ಕುರ್ಚಿಯಲ್ಲಿ ಕೂತಲ್ಲಿಂದಲೇ ಹಬ್ಬದ ಸ್ವಚ್ಛತೆ ಮಾಡಿಸಬೇಕೆಂದಿದ್ದ ರೋಚೆಲ್, ಕಿವಿ ಕಿತ್ತ ಮೊಲವನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನು ನೋಡುತ್ತಿದ್ದರು. ಬೈದಿದ್ದರೆ ಮರ್ವಿನ್ನರಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ಮರ್ವಿನ್ ರಬ್ಬಿಯ ಬಳಿಗೆ ಓಡಿದರು. ಮಕ್ಕಳಾಟಕ್ಕೆ ಬರೆದದ್ದಲ್ಲವೇ, ಏನಾದರೂ ವಿನಾಯಿತಿ ಇದ್ದೀತೇ ಎಂದು ಅಂಗಲಾಚಿದರು. ಹುಡುಕಿದರೆ ಸಿಗಬಹುದು ಎಂದರು ರಬ್ಬಿ. "ಆದ್ರೆ ಮರ್ವಿನ್, ಅವು ನಿಮ್ಮ ಮಾತನ್ನ ನಿಜ ಅಂತ ನಂಬಿವೆ. ಈಗ ಅವುಗಳ ಕಣ್ಣೆದುರಿಗೇ ಕಸಕ್ಕೆ ಹಾಕಿದ್ರೆ ನಾವು ಕಲಿಸಿದ್ದೇನು?" ಹಬ್ಬಕ್ಕೆ ಮುಂಚಿನ ಭಾನುವಾರ ಎಲ್ಲವನ್ನೂ ಸ್ಮಶಾನಕ್ಕೆ ಒಯ್ದು ಶಾಸ್ತ್ರೋಕ್ತವಾಗಿ ಹೂಳೋಣ, ಅಲ್ಲಿಯವರೆಗೆ ತಡೆದುಕೊಳ್ಳಿ ಎಂದು ಬೆನ್ನು ತಟ್ಟಿ ಕಳಿಸಿದರು.

ತಡೆದುಕೊಳ್ಳದವರು ಲೊರೇನ್ ಕಪಿಲೋವ್. ಪೆನಿನಾ ಅವರ ಮೊಮ್ಮಗಳೇ. ಒಂದು ಮಧ್ಯಾಹ್ನ ಅವಳ ಕೈಹಿಡಿದುಕೊಂಡೇ ಬಂದು, ಕೋಟೆಯನ್ನು ಬಳಸಿ, ಲಾರಿಯನ್ನು ದಾಟಿ ರೋಚೆಲ್ ಮುಂದೆ ನಿಂತರು. ಎರಡು ಮನೆಯವರು ಆಗಲೇ ಮಕ್ಕಳನ್ನು ಬಿಡಿಸುತ್ತೇವೆ ಎನ್ನುತ್ತಿದ್ದಾರೆ ಎಂದು ಶುರುಮಾಡಿ, ಸುತ್ತಿ ಬಳಸದೆ ವಿಷಯಕ್ಕೆ ಬಂದರು.

"ಹಬ್ಬ ಮುಗಿದ ಮೊದಲನೇ ಭಾನುವಾರ ನೀವು ನಿಮ್ಮ ಕಾಲ ಮೇಲೆ ನಿಂತು ಕ್ಲಾಸಿಗೆ ಬಂದ್ರೆ ಸರಿ, ರೋಚೆಲ್. ಇಲ್ಲ ಅಂದ್ರೆ ಕ್ಲಾಸನ್ನೂ ಕೈಬಿಡೋದೇ, ನಿಮ್ಮನ್ನೂ ಕೈಬಿಡೋದೇ. ನನಗೂ ಬೇಜಾರೇ, ಏನ್ ಮಾಡ್ಲಿ?"

ರೋಚೆಲ್ ಆಗಲಿ ಎಂದರು. ಪ್ಲಾಸ್ಟರ್ ಬಿಚ್ಚುವುದು ಹಬ್ಬಕ್ಕೆ ಮುಂಚಿನ ಸೋಮವಾರ. ಹಬ್ಬದ ವಾರವೆಲ್ಲ ಕೋಲು ಹಿಡಿದು ನಡೆದು ಅಭ್ಯಾಸ ಮಾಡಿದರೆ ಆ ಭಾನುವಾರಕ್ಕೆ ಸರಿಹೋಗುತ್ತದೆ. ಅಜ್ಜಿ ಮೊಮ್ಮಗಳು ಹೋದಮೇಲೆ ಆಕೆ ಅಡುಗೆಮನೆಯ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಅಳುತ್ತಿದ್ದಾರೆ ಎಂದು ಮರ್ವಿನ್ನರಿಗೆ ಗೊತ್ತಾಯಿತು. ಹೆಂಡತಿ ಕೇಳಿದ್ದು ಒಂದೇ ಒಂದು, ಅದನ್ನೂ ಉಳಿಸಿಕೊಡಲಾಗಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಸ್ಮಶಾನದ ಆ ಭಾನುವಾರ ಮಾತ್ರ ಯಾರೂ ನೆನೆಸದ ಹಾಗೆ ನಡೆಯಿತು. ವ್ಯಾನಿನಲ್ಲಿ ಬೋರ್ಡು, ಹಾಸಿಗೆ, ಕೋಟೆ ಎಲ್ಲ ಬಂದಿಳಿದವು. ಕಸದ ಚೀಲಕ್ಕೆ ಹಾಕಿದರೆ ನೆಲಕ್ಕೆ ಬಿದ್ದು ಹೊರಳಾಡುವ ಮಕ್ಕಳು, ಇಲ್ಲಿ ತಮ್ಮ ತಮ್ಮ ಮೊಲ, ಲಾರಿಗಳನ್ನು ಎರಡೂ ಕೈಯಲ್ಲಿ ಹೊತ್ತು ತಂದು ಕೆಳಗಿಟ್ಟು, ಒಂದೊಂದು ಹಿಡಿ ಮಣ್ಣು ಹಾಕಿ ದೊಡ್ಡವರ ಹಾಗೆ ಹಿಂದೆ ಸರಿದು ನಿಂತವು. ಆಶೇರ್ ಕೋಟೆಗೆ ಸೆಲ್ಯೂಟ್ ಹೊಡೆದ. ರಬ್ಬಿ ಪ್ರಾರ್ಥನೆ ಹೇಳಿದರು. ತಾಯಂದಿರು ಕಣ್ಣೊರೆಸಿಕೊಂಡರು. ಅದು ದುಃಖವೋ, ಮನೆ ಖಾಲಿಯಾದ ಸಂತೋಷವೋ ಹೇಳುವುದು ಕಷ್ಟ. ಮಕ್ಕಳನ್ನು ಬಿಡಿಸುತ್ತೇವೆ ಎಂದಿದ್ದವರೇ, ಮುಂದಿನ ವರ್ಷವೂ ಇದನ್ನು ಇಟ್ಟುಕೊಳ್ಳೋಣ ಎಂದರು. ಒಬ್ಬ ತಂದೆಯಂತೂ ಕೆಟ್ಟುಹೋದ ಟ್ರೆಡ್‌ಮಿಲ್ಲನ್ನೇ ಹೊತ್ತು ತಂದಿದ್ದ. ಅದರ ಮೇಲಿನ ಅಕ್ಷರ ಮಕ್ಕಳ ಕೈಬರಹದಂತೆ ಕಾಣುವುದಿಲ್ಲವಲ್ಲ ಎಂದು ರಬ್ಬಿ ಅವನನ್ನು ದಿಟ್ಟಿಸಿ ನೋಡಿದರು.

ಇಷ್ಟಾದ ಮೇಲೆ ಮರ್ವಿನ್ ಸುಮ್ಮನಿರುತ್ತಾರೆಯೇ? ಬತ್ತಿಹೋಗಿದ್ದ ಹುರುಪು ಮತ್ತೆ ಉಕ್ಕಿತು. ಎಲ್ಲ ಮಕ್ಕಳನ್ನೂ ಮನೆಗೆ ಕರೆತಂದು ರೋಚೆಲ್ ಮುಂದೆ ನಿಲ್ಲಿಸಿ, ಎಣಿಸಿಕೋ, ಒಂದೂ ಬಿಟ್ಟುಹೋಗಿಲ್ಲ ಎಂದರು. ರೋಚೆಲ್ ಮುಖ ಅರಳಿತು. ಹಬ್ಬಕ್ಕೆ ಮುಂಚೆ ಮುಗಿಸಲೇಬೇಕಿದ್ದ ಬಿಸ್ಕತ್ತಿನ ಡಬ್ಬಗಳೆಲ್ಲ ಹೊರಬಂದವು. ನಾಳೆ ಬಿಚ್ಚಿ ಎಸೆಯುವ ಪ್ಲಾಸ್ಟರ್ ಅಲ್ಲವೇ, ಎಲ್ಲರೂ ಮೋರಾಗೆ ಒಂದೊಂದು ಹಾರೈಕೆ ಬರೆಯಿರಿ ಎಂದು ಮರ್ವಿನ್ ಮಾರ್ಕರ್ ಹಂಚಿದರು. "ಏನು ಬೇಕಾದ್ರೂ ಬರೀರಿ!" ಎಂದು ಕೂಗಿ ಹೇಳಿ, ಜ್ಯೂಸ್ ತರಲು ಒಳಗೆ ಹೋದರು.

ಮಕ್ಕಳೆಲ್ಲ ಹೋದಮೇಲೆ ರೋಚೆಲ್ ಕನ್ನಡಕ ಹಾ‌ಕಿಕೊಂಡು ತಮ್ಮ ಕಾಲನ್ನು ಓದಲು ಶುರುಮಾಡಿದರು. ಹೂವು, ಸೂರ್ಯ, ಒಂದು ಆಮೆ. ನಗುತ್ತಾ ಓದುತ್ತಿದ್ದವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರು.

"ಮರ್ವಿನ್, ನಾಳೆ ಡಾಕ್ಟರ್ ಎಲ್ಲಿಂದ ಎಲ್ಲಿಗೆ ಕೊಯ್ತಾರೆ ಅಂದಿದ್ರು?"

"ಇದೋ, ಇಲ್ಲಿ ಮೊಣಕಾಲಿಂದ ನೇರವಾಗಿ..." ಎಂದು ಬೆರಳು ಇಳಿಸುತ್ತಾ ಬಂದ ಮರ್ವಿನ್ ನಡುದಾರಿಯಲ್ಲಿ ನಿಂತರು. ಕಣಕಾಲಿನ ಮುಂಭಾಗದಲ್ಲಿ, ಸರಿಯಾಗಿ ಗರಗಸ ಹಾಯುವ ದಾರಿಯಲ್ಲೇ, ದುಂಡಗೆ ನಾಲ್ಕಕ್ಷರ. ತಿದ್ದಿಸಿದ ಕೈ ಅವರದೇ, ಗುರುತು ಹಿಡಿಯಲು ಕಷ್ಟವಾಗಲಿಲ್ಲ.

"ಈ ಕಾಲನ್ನೂ ಗ್ಯಾರೇಜಲ್ಲಿ ಇಡ್ತೀಯೇನೋ?" ಎಂದರು ರೋಚೆಲ್. ದನಿ ಸಣ್ಣದಾಗಿತ್ತು. ನಾಳೆ ಬಿಚ್ಚಲಾಗದಿದ್ದರೆ ಆ ಭಾನುವಾರ ನಡೆಯಲಾಗುವುದಿಲ್ಲ, ನಡೆಯಲಾಗದಿದ್ದರೆ ಕ್ಲಾಸಿಲ್ಲ. ಕೊಯ್ಯುವಾಗ ಅಕ್ಷರದ ಮೇಲೆ ಗರಗಸ ಆಡಿಸಲು ಆಕೆಯ ಮನಸ್ಸು ಒಪ್ಪದು. ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವರು ಅವರೇ ಅಲ್ಲವೇ?

ಮರ್ವಿನ್ ರಬ್ಬಿಗೆ ಫೋನ್ ಮಾಡಿದರು. ಆ ಕಡೆಯಿಂದ, ಫೋನನ್ನು ದೂರ ಇಟ್ಟು ನಗುತ್ತಿರುವ ಸದ್ದು ಕೇಳಿಸಿತು. ಕೊನೆಗೆ ರಬ್ಬಿ ಉಸಿರು ಸರಿಮಾಡಿಕೊಂಡು, ಹಿಂದಿನ ಕಾಲದ ಪಂಡಿತರು ಇದನ್ನೂ ಯೋಚಿಸಿಟ್ಟಿದ್ದಾರೆ ಎಂದರು. ಪಾತ್ರೆಯ ಹಿಡಿಯ ಮೇಲೆ ಹೆಸರು ಬರೆದಿದ್ದರೆ, ಅಷ್ಟು ಜಾಗವನ್ನು ಮಾತ್ರ ಕತ್ತರಿಸಿ ಎತ್ತಿಡಬೇಕು. ಉಳಿದ ಪಾತ್ರೆ ನಿಮ್ಮದು. ಕಾಲಿಗೂ ಅದೇ ನ್ಯಾಯ, ಎಂದು ಮತ್ತೆ ನಗಲು ಹೋದರು.

ಮರುದಿನ ಡಾಕ್ಟರ್ ಸುಲ್ಲಿವನ್ ತಮ್ಮ ವೃತ್ತಿಯಲ್ಲೇ ಕಾಣದ ಅಪ್ಪಣೆಗಳನ್ನು ಪಾಲಿಸಬೇಕಾಯಿತು. ನಾಲ್ಕಕ್ಷರದ ಸುತ್ತ ಮರ್ವಿನ್ ಚೌಕ ಹಾಕಿಕೊಂಡೇ ಬಂದಿದ್ದರು. ಗರಗಸ ಅದರ ಹತ್ತಿರ ಬಂದಾಗಲೆಲ್ಲ, ಇನ್ನೂ ಸ್ವಲ್ಪ ಆಚೆ, ಹಾಂ, ಈಗ ತಿರುವು ತಗೊಳ್ಳಿ ಎಂದು ಫೋಮ್ ಕತ್ತರಿಸುವ ಕೆಲಸದವನಿಗೆ ಹೇಳುವಂತೆ ಹೇಳುತ್ತಿದ್ದರು. ಕಾಲು ಯಾರದು, ಗರಗಸ ಯಾರದು ಎಂದು ಡಾಕ್ಟರು ಒಮ್ಮೆ ಕೇಳಿದರು. ಮರ್ವಿನ್ ಉಳಿದ ಹೊತ್ತನ್ನು ಬಾಗಿಲಾಚೆ ಕಳೆದರು. ಆದರೂ ಚೌಕ ಸರಿಯಾಗಿಯೇ ಬಂತು, ಒಂದು ಅಕ್ಷರದ ಬಾಲಕ್ಕೂ ಪೆಟ್ಟಾಗಲಿಲ್ಲ. ಅದನ್ನು ಕರವಸ್ತ್ರದಲ್ಲಿ ಸುತ್ತಿ ರೋಚೆಲ್ ಕೈಚೀಲದಲ್ಲಿಟ್ಟುಕೊಂಡರು.

ಹಬ್ಬ ಮುಗಿದ ಭಾನುವಾರ ರೋಚೆಲ್ ಕೋಲೂರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಆ ಹಿಂದಿನ ಕೋಣೆಗೆ ಬಂದರು. ಮರ್ವಿನ್ ಹಿಂದೆ ಚೀಲ ಹೊತ್ತು ಬಂದರು. ಒಂದು ಮಗುವೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲ ಒಟ್ಟಿಗೆ ನುಗ್ಗಿ ಬಂದು ಆಕೆಯ ಸೊಂಟ ಹಿಡಿದುಕೊಂಡವು. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಲೊರೇನ್ ಕಪಿಲೋವ್ ಆಕೆಯ ಕಾಲನ್ನೇ ನೋಡುತ್ತಿದ್ದರು.

ರೋಚೆಲ್ ಕೂತ ಮೇಲೆ ಪೆನಿನಾಳನ್ನು ಹತ್ತಿರ ಕರೆದರು. ಕೈಬರಹ ನೋಡಿದರೆ ನನ್ನ ಕಾಲ ಮೇಲೆ ಅದನ್ನು ಬರೆದದ್ದು ನೀನೇ ಅನ್ನಿಸುತ್ತದೆ, ಯಾಕೆ ಬರೆದೆ ಎಂದು ಕೇಳಿದರು.

"ಅಜ್ಜಿ ನಿಮ್ಮನ್ನ ಕೈಬಿಡೋದೇ ಅಂದ್ರಲ್ಲ," ಎಂದಳು ಪೆನಿನಾ. "ಅದು ಬರೆದಿದ್ರೆ ಅಜ್ಜಿ ಕೂಡ ಬಿಸಾಕೋ ಹಾಗಿಲ್ಲ."

ಲೊರೇನ್ ಕಪಿಲೋವ್ ಚಾವಣಿ ನೋಡಿದರು, ನೆಲ ನೋಡಿದರು, ಕೊನೆಗೆ ಕಟ್ಟಿದ ಕೈ ಬಿಚ್ಚಿ, ಈ ಕ್ಲಾಸಿನ ವಿಷಯ ಇನ್ನು ನಾನು ಸಭೆಯಲ್ಲಿ ಎತ್ತುವುದಿಲ್ಲ ಎಂದರು. ರೋಚೆಲ್ ಮಗುವನ್ನು ಎದೆಗೊತ್ತಿಕೊಂಡು, ಎಲ್ಲರೆದುರೂ ನಾಚಿಕೆಯಿಲ್ಲದೆ ಅತ್ತರು. ಎಷ್ಟೋ ವರ್ಷ ಮಾಡಿದ್ದು ಮಣ್ಣುಪಾಲಾಗಲಿಲ್ಲ ಎಂಬ ಸಂತೋಷಕ್ಕೆ ಅತ್ತರು.

ಮರ್ವಿನ್ನರ ಕಣ್ಣೂ ತುಂಬಿದ್ದವು. ಆದರೆ ಆ ಮಂಜಿನಾಚೆಯಿಂದ ಅವರಿಗೆ ಒಂದು ವಿಷಯ ಸ್ಪಷ್ಟವಾಗಿ ಕಾಣತೊಡಗಿತು. ಕ್ಲಾಸನ್ನು ಉಳಿಸಿದ್ದು ಯಾವುದು? ಆ ನಾಲ್ಕಕ್ಷರ. ಅದನ್ನು ಕಲಿಸಿದ್ದು ಯಾರು? ಎದೆ ತಾನಾಗಿಯೇ ಮುಂದೆ ಬಂತು. ಮೊಣಕಾಲೂರಿ ಪೆನಿನಾಳ ಮುಂದೆ ಕೂತು, ಆದಷ್ಟು ಉದಾಸೀನದ ದನಿಯಲ್ಲಿ ಕೇಳಿದರು.

"ಅಲ್ಲ ಪುಟ್ಟೀ, ನನ್ನನ್ನೂ ಯಾರಾದ್ರೂ ಬಿಸಾಕಿಬಿಟ್ರೆ ಏನ್ ಮಾಡೋದು? ನನ್ನ ಮೇಲೂ ಬರೆಯೋಣ ಅಂತ ನಿಮಗೆ ಅನ್ನಿಸಲೇ ಇಲ್ವಾ?"

"ಅನ್ನಿಸ್ತು," ಎಂದಳು ಪೆನಿನಾ. "ನಿಮ್ಮ ಬೋಳು ತಲೇಲಿ ಬೇಕಾದಷ್ಟು ಜಾಗಾನೂ ಇತ್ತು. ನೀವು ಜ್ಯೂಸ್ ತರೋಕೆ ಹೋದಾಗ, ಬರೆಯೋಣ್ವಾ ಬೇಡ್ವಾ ಅಂತ ಓಟು ಹಾಕಿದ್ವಿ."

"ಓಹೋ! ಎಷ್ಟು ಜನ ಕೈ ಎತ್ತಿದ್ರು?"

"ಆಶೇರ್ ಒಬ್ಬನೇ."

ಒಬ್ಬನಾದರೂ ಇದ್ದಾನಲ್ಲ! ಮರ್ವಿನ್ನರ ಹೃದಯ ತುಂಬಿ ಬಂತು. ಎರಡೂ ತೋಳು ಚಾಚಿ, "ಬಾ ನನ್ನ ಬಂಗಾರ," ಎಂದು ಕರೆದರು.

ಆಶೇರ್ ಮೇಜಿನ ಕೆಳಗಿನಿಂದ ತಲೆ ಹೊರಹಾಕಿ, "ನಾನು ಬಾತ್‌ರೂಮಿಗೆ ಹೋಗ್ಬೇಕು ಅಂತ ಎತ್ತಿದ್ದು," ಎಂದ.